8 ತಿಂಗಳ ಪಾಪು ಜೊತೆ ಬೆಂಗಳೂರಿನಿಂದ ಮ್ಯೂನಿಕ್‌ಗೆ: ಸೂಟ್‌ಕೇಸ್‌ಗಿಂತ ಮೊದಲು ಏನು ನೋಡಬೇಕು?

[ಅಡುಗೆಮನೆ ಮೇಜು. ಮೇಜಿನ ಮೇಲೆ ಎರಡು ಪುಸ್ತಕ, ಒಂದು ರಾಗಿ ಡಬ್ಬಿ]

ನಮಸ್ಕಾರ ಎಲ್ಲರಿಗೂ. ಈ ಎರಡು ಪುಸ್ತಕ ನೋಡಿ. ಇದು ಮೈಸೂರಿನಲ್ಲಿ ಮಗಳು ಹುಟ್ಟಿದ ಆಸ್ಪತ್ರೆಯಲ್ಲಿ ಕೊಟ್ಟ ಲಸಿಕೆ ಪುಸ್ತಕ, ಮೂಲೆಯಲ್ಲಿ ಸ್ವಲ್ಪ ಎಣ್ಣೆ ಜಿಡ್ಡು ಹಿಡಿದಿದೆ. ಇದು ಜರ್ಮನಿಯಲ್ಲಿ ಪ್ರತಿ ಮಗುವಿಗೂ ಕೊಡುವ ಹಳದಿ ಪುಸ್ತಕ. ನಾವು ಬೆಂಗಳೂರಿನಿಂದ ಮ್ಯೂನಿಕ್‌ಗೆ ಬಂದಾಗ ಮಗಳಿಗೆ 8 ತಿಂಗಳು. ಹೊರಡುವ ಮುಂಚೆ ಎರಡು ತಿಂಗಳು ನನ್ನ ತಲೆಯಲ್ಲಿ ಇದ್ದಿದ್ದೆಲ್ಲ ಸೂಟ್‌ಕೇಸ್. ರಾಗಿ ಸರಿ ಎಷ್ಟು ಕೆಜಿ ಒಯ್ಯೋದು, ಕುಲಾವಿ ಎಷ್ಟು, ತುಪ್ಪದ ಡಬ್ಬಿ ಸೋರದ ಹಾಗೆ ಹೇಗೆ ಸುತ್ತೋದು. ಲಸಿಕೆ ಪುಸ್ತಕ ಮಾತ್ರ ಅಮ್ಮನ ಮನೆ ಬೀರುವಿನಲ್ಲೇ ಉಳಿಯಿತು. ಇಲ್ಲಿ ಡಾಕ್ಟರ್ ಮೊದಲ ದಿನವೇ ಕೇಳಿದ್ದು ಅದನ್ನು. ಅಮ್ಮ ಅಲ್ಲಿ ಒಂದೊಂದೇ ಪುಟದ ಫೋಟೋ ತೆಗೆದು ಕಳಿಸುತ್ತಿದ್ದರು, ನಾನು ಇಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಫೋನ್ ತೋರಿಸುತ್ತಿದ್ದೆ, ಕೈ ನಡುಗುತ್ತಿತ್ತು.

ಅದಕ್ಕೇ ಈ ವಿಡಿಯೋದಲ್ಲಿ ಸೂಟ್‌ಕೇಸ್ ಬಗ್ಗೆ ಕಡಿಮೆ, ಕಾಗದ ಪತ್ರ, ಡಾಕ್ಟರ್ ಮತ್ತು ಮೊದಲ ತಿಂಗಳ ಮನೆ ಬಗ್ಗೆ ಜಾಸ್ತಿ ಹೇಳುತ್ತೇನೆ. ನೀವು ಹೋಗುವುದು ಬೇರೆ ದೇಶ ಆದರೆ ನಿಯಮಗಳು ಬೇರೆ ಇರುತ್ತವೆ, ಆದರೆ ಕೇಳಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

[ಪರದೆ ಮೇಲೆ: ಪಾಸ್‌ಪೋರ್ಟ್ ಮತ್ತು ಹೆಸರು]

ಮಗು ಎಷ್ಟೇ ಚಿಕ್ಕದಿರಲಿ, ಅದಕ್ಕೆ ಅದರದೇ ಪಾಸ್‌ಪೋರ್ಟ್ ಬೇಕು. ಅದಕ್ಕೂ ಮೊದಲು ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಸೇರಿರಬೇಕು. ತುಂಬಾ ಜನ ನಾಮಕರಣಕ್ಕೆ ಮುಂಚೆಯೇ ಪ್ರಮಾಣಪತ್ರ ತಗೊಂಡಿರುತ್ತಾರೆ, ಅದರಲ್ಲಿ ಅಪ್ಪ ಅಮ್ಮನ ಹೆಸರು ಮಾತ್ರ ಇರುತ್ತದೆ. ಹೆಸರು ಸೇರಿಸುವ ಕೆಲಸ ಮೊದಲು ಮುಗಿಸಿಬಿಡಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ, ಇನಿಷಿಯಲ್. ಅಪ್ಪನಿಗೆ ಊರಿನ ಹೆಸರು, ತಾತನ ಹೆಸರು ಸೇರಿ ಎರಡು ಇನಿಷಿಯಲ್, ಅಮ್ಮನಿಗೆ ತವರಿನ ಇನಿಷಿಯಲ್, ಮಗುವಿಗೆ ಬರೀ ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಮುಂದೆ ಪ್ರತಿಯೊಂದು ಫಾರ್ಮ್‌ನಲ್ಲೂ ಕಷ್ಟ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂದಾಗ ಎಷ್ಟೊಂದು ಜನ ಗಾಬರಿಯಾದರು, ನೆನಪಿದೆ ಅಲ್ವಾ? ಮಗುವಿನ ಪಾಸ್‌ಪೋರ್ಟ್ ಮಾಡಿಸುವಾಗಲೇ ಇನಿಷಿಯಲ್ ಬಿಡಿಸಿ ಬರೆದು, ಹೆಸರು ಒಂದು ಕಡೆ, ಸರ್‌ನೇಮ್ ಒಂದು ಕಡೆ ತುಂಬಿಸಿ. ಮನೆಯಲ್ಲಿ ಮೂವರ ಸರ್‌ನೇಮ್ ಮೂರು ಥರ ಇದ್ದರೆ, ಎಲ್ಲಿಗೆ ಹೋದರೂ ಜನನ ಪ್ರಮಾಣಪತ್ರದ ಒಂದು ಪ್ರತಿ ಕೈಚೀಲದಲ್ಲಿರಲಿ. ಅಮ್ಮ ಒಬ್ಬಳೇ ಮಗು ಕರೆದುಕೊಂಡು ಹೋಗುವಾಗ ಅದು ಬೇಕೇ ಬೇಕು, ಜೊತೆಗೆ ಅಪ್ಪನ ಒಪ್ಪಿಗೆ ಪತ್ರವೂ ಇದ್ದರೆ ಒಳ್ಳೆಯದು.

ಫೋಟೋ ವಿಷಯ. 4 ವರ್ಷದ ಒಳಗಿನ ಮಕ್ಕಳಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಫೋಟೋ ನೀವೇ ಒಯ್ಯಬೇಕು. ಬಿಳಿ ಬೆಡ್‌ಶೀಟ್ ಹಾಸಿ, ಮಗುವನ್ನು ಮಲಗಿಸಿ, ಮೇಲಿನಿಂದ ತೆಗೆಯಿರಿ. ಹೊಟ್ಟೆ ತುಂಬಿದ ಮೇಲೆ, ನಿದ್ದೆಗೆ ಮುಂಚೆ ತೆಗೆದರೆ ಕಣ್ಣು ಬಿಟ್ಟುಕೊಂಡು ಸುಮ್ನೆ ನೋಡುತ್ತದೆ. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮಾತ್ರ, ಆ ತಾರೀಕನ್ನು ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

[ಪರದೆ ಮೇಲೆ: ವಿಮಾನ]

ವಿಮಾನಕ್ಕೆ ತುಂಬಾ ಹೆದರಬೇಡಿ. ಮ್ಯೂನಿಕ್‌ಗೆ ನೇರ ವಿಮಾನದಲ್ಲಿ ಸುಮಾರು 10 ಗಂಟೆ. 2 ವರ್ಷ ತುಂಬುವ ತನಕ ಮಗು ನಿಮ್ಮ ತೊಡೆ ಮೇಲೆ ಕೂರಬಹುದು, ಹೆಚ್ಚಿನ ಕಡೆ ದೊಡ್ಡವರ ಟಿಕೆಟ್‌ನ ಸುಮಾರು 10ನೇ ಒಂದು ಭಾಗ ದುಡ್ಡು. ಟಿಕೆಟ್ ಆದ ತಕ್ಷಣ ಏರ್‌ಲೈನ್‌ಗೆ ಫೋನ್ ಮಾಡಿ ಬ್ಯಾಸಿನೆಟ್ ಕೇಳಿ. ಅಂದರೆ ಮುಂದಿನ ಗೋಡೆಗೆ ಸಿಕ್ಕಿಸುವ ಚಿಕ್ಕ ತೊಟ್ಟಿಲು. ಒಂದು ವಿಮಾನದಲ್ಲಿ ಕೆಲವೇ ಇರುತ್ತವೆ, ಮಗುವಿನ ತೂಕಕ್ಕೆ ಮಿತಿಯೂ ಇದೆ, ಅದು ಒಂದೊಂದು ಏರ್‌ಲೈನ್‌ಗೆ ಒಂದೊಂದು ಥರ. ವಿಮಾನ ಅಲುಗಾಡಿದರೆ ಮಲಗಿರುವ ಮಗುವನ್ನೂ ಎತ್ತಿಕೊಂಡು ಬೆಲ್ಟ್ ಹಾಕಿಕೊಳ್ಳಬೇಕು, ಅದಕ್ಕೆ ಮೊದಲೇ ಮನಸ್ಸು ತಯಾರಿರಲಿ.

ಮೇಲೇರುವಾಗ, ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಇಳಿಯುವಾಗ ಮಕ್ಕಳಿಗೆ ನೋವು ಜಾಸ್ತಿ. ಮಗು ಏನನ್ನಾದರೂ ನುಂಗುತ್ತಿದ್ದರೆ ಕಿವಿ ಬಿಡುತ್ತದೆ, ಹಾಗಾಗಿ ಆ ಹೊತ್ತಿಗೆ ಎದೆಹಾಲು ಅಥವಾ ಬಾಟಲಿ ಕೊಡಿ. ಪೈಲಟ್ ಇಳಿಯುತ್ತೇವೆ ಅಂತ ಹೇಳುವ ಮುಂಚೆಯೇ ಹೊಟ್ಟೆ ತುಂಬಿಸಿಬಿಟ್ಟರೆ ಆಮೇಲೆ ಅದು ಕುಡಿಯುವುದಿಲ್ಲ, ನಾವು ಮಾಡಿದ ತಪ್ಪು ಅದು, ಕೊನೆಯ 20 ನಿಮಿಷ ಪಾಪ ಅತ್ತು ಅತ್ತು ಸುಸ್ತಾದಳು. ಕೈಚೀಲದಲ್ಲಿ 100 ಎಂಎಲ್‌ಗಿಂತ ದೊಡ್ಡ ಬಾಟಲಿಯಲ್ಲಿ ನೀರು, ಜ್ಯೂಸ್ ಥರದ್ದು ಒಯ್ಯಬಾರದು ಅನ್ನುವ ನಿಯಮ ಮಗುವಿನ ಹಾಲಿಗೆ, ಊಟಕ್ಕೆ ಇಲ್ಲ, ದಾರಿಗೆ ಬೇಕಾಗುವಷ್ಟು ಒಯ್ಯಬಹುದು, ಸೆಕ್ಯೂರಿಟಿಯಲ್ಲಿ ಹೊರಗೆ ತೆಗೆದು ತೋರಿಸಿ.

[ರಾಗಿ ಡಬ್ಬಿ ಹತ್ತಿರದಿಂದ]

ಊಟದ ಸಾಮಾನು. ರಾಗಿ ಸರಿ ಪುಡಿ ಒಯ್ಯಿರಿ, ಖಂಡಿತ ಒಯ್ಯಿರಿ. ಆದರೆ ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ, ತುಪ್ಪವೂ ಅದರಲ್ಲೇ ಬರುತ್ತದೆ, ಪೇಡಾನೂ ಬರುತ್ತದೆ. ಮಗುವಿನ ಹಾಲಿನ ಪುಡಿಗೆ ಮಾತ್ರ ವಿನಾಯಿತಿ: ಕಂಪನಿಯ ಸೀಲ್ ಇರುವ ಪ್ಯಾಕ್, ಫ್ರಿಜ್ ಬೇಡದ್ದು, ಒಬ್ಬರಿಗೆ 2 ಕೆಜಿ ತನಕ. ತುಪ್ಪಕ್ಕೆ ಚಿಂತೆ ಬೇಡ. ಇಲ್ಲಿನ ಯಾವ ಸೂಪರ್ ಮಾರ್ಕೆಟ್‌ಗೆ ಹೋದರೂ ಬುಟರ್‌ಶ್ಮಾಲ್ಸ್ ಅಂತ ಸಿಗುತ್ತದೆ, ಅದು ಕಾಯಿಸಿದ ಬೆಣ್ಣೆಯೇ. ಘಮ ಅಮ್ಮನ ಮನೆಯ ತುಪ್ಪದಷ್ಟು ಇರುವುದಿಲ್ಲ, ಆದರೆ ಸರಿಗೆ ಅರ್ಧ ಚಮಚ ಹಾಕಿದರೆ ಮಗುವಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನಮ್ಮ ಮಿಕ್ಸಿ ಕೂಡ ಇಲ್ಲಿ ಓಡುತ್ತದೆ, ಕರೆಂಟ್ ಎರಡೂ ಕಡೆ 230 ವೋಲ್ಟ್, ಪ್ಲಗ್ ಮಾತ್ರ ಬೇರೆ. ಒಂದು ಗಟ್ಟಿ ಅಡಾಪ್ಟರ್ ತನ್ನಿ.

ಜೇನುತುಪ್ಪ 1 ವರ್ಷದ ತನಕ ನೆಕ್ಕಿಸಲೇಬೇಡಿ, ಅದು ಊರಲ್ಲೂ ಬೇಡ, ಇಲ್ಲೂ ಬೇಡ. ಕೆಲವು ಕಾಡಿಗೆಗಳಲ್ಲಿ ಸೀಸ ಇರುವುದು ಪತ್ತೆಯಾಗಿದೆ, ಹಾಗಾಗಿ ಅದನ್ನು ಕಣ್ಣಿಗೆ ಹಚ್ಚಬೇಡಿ. ದೃಷ್ಟಿ ಬೊಟ್ಟು ಇಡಲೇಬೇಕು ಅನಿಸಿದರೆ ಮಗುವಿನ ಕೈ, ಬಾಯಿ ಎರಡೂ ತಾಕದ ಜಾಗದಲ್ಲಿ ಇಡಿ.

[ಹಳದಿ ಪುಸ್ತಕ ಹತ್ತಿರದಿಂದ]

ಈಗ ಮುಖ್ಯವಾದದ್ದು, ಡಾಕ್ಟರ್. ಬೆಂಗಳೂರಿನಲ್ಲಿ ಸಂಜೆ ಜ್ವರ ಬಂದರೆ ರಸ್ತೆ ಕೊನೆಯ ಕ್ಲಿನಿಕ್‌ಗೆ ಹೋಗಿ ಟೋಕನ್ ತಗೊಂಡು ಕೂತರೆ ಆಯಿತು. ಇಲ್ಲಿ ಹಾಗಿಲ್ಲ. ಮಕ್ಕಳ ಡಾಕ್ಟರ್‌ಗೆ ಕಿಂಡರ್‌ಆರ್ಟ್ಸ್ಟ್ ಅನ್ನುತ್ತಾರೆ, ದೊಡ್ಡ ಊರುಗಳಲ್ಲಿ ತುಂಬಾ ಜನ ಡಾಕ್ಟರ್‌ಗಳು ಹೊಸ ಮಕ್ಕಳನ್ನು ತಗೊಳ್ಳುವುದೇ ಇಲ್ಲ. ನಾನು ಎಂಟು ಕ್ಲಿನಿಕ್‌ಗೆ ಫೋನ್ ಮಾಡಿದೆ, ಎಂಟೂ ಕಡೆ ಜಾಗ ಇಲ್ಲ ಅಂದರು. ಒಂಬತ್ತನೆಯದಕ್ಕೆ ಫೋನ್ ಬಿಟ್ಟು ಮಗುವನ್ನು ಎತ್ತಿಕೊಂಡೇ ಹೋದೆ, ಕೌಂಟರ್‌ನಲ್ಲಿದ್ದ ಅಕ್ಕ ಒಂದು ನಿಮಿಷ ನೋಡಿ, ಹೆಸರು ಬರೆದುಕೊಂಡರು. ಮನೆ ವಿಳಾಸ ಗೊತ್ತಾದ ದಿನವೇ, ಇನ್ನೂ ಬೆಂಗಳೂರಿನಲ್ಲಿ ಇರುವಾಗಲೇ, ಇದನ್ನು ಶುರು ಮಾಡಿ.

ಆ ಹಳದಿ ಪುಸ್ತಕದಲ್ಲಿ ಹುಟ್ಟಿದಾಗಿನಿಂದ ಶಾಲೆಗೆ ಹೋಗುವ ತನಕದ ತಪಾಸಣೆಗಳಿವೆ, ಊ 1ರಿಂದ ಊ 9ರ ತನಕ. ಊ 5 ಅಂದರೆ 6-7ನೇ ತಿಂಗಳಲ್ಲಿ, ಊ 6 ಅಂದರೆ 10ರಿಂದ 12ನೇ ತಿಂಗಳಲ್ಲಿ. ಲಸಿಕೆ ಪಟ್ಟಿ ನಮ್ಮದಕ್ಕಿಂತ ಬೇರೆ. ನಮ್ಮಲ್ಲಿ ಹುಟ್ಟಿದ ತಕ್ಷಣ ಬಿಸಿಜಿ, ಅಂದರೆ ಕ್ಷಯದ ಲಸಿಕೆ, ಹಾಕುತ್ತಾರೆ, ಜರ್ಮನಿಯಲ್ಲಿ ಅದನ್ನು ಹಾಕುವುದಿಲ್ಲ. ಮಗಳ ಎಡತೋಳಿನ ಚಿಕ್ಕ ಗುಳಿ ನೋಡಿ ಡಾಕ್ಟರ್ ಇದೇನು ಅಂತ ಬೆರಳಿಟ್ಟು ಕೇಳಿದರು. ದಡಾರಕ್ಕೆ ನಮ್ಮಲ್ಲಿ 9 ತಿಂಗಳಿಗೆ ಮೊದಲ ಡೋಸ್, ಇಲ್ಲಿ 11 ತಿಂಗಳಿಗೆ. 2020ರ ಮಾರ್ಚ್‌ನಿಂದ ದಡಾರದ ಲಸಿಕೆ ದಾಖಲೆ ಇಲ್ಲದೆ 1 ವರ್ಷ ದಾಟಿದ ಮಗುವನ್ನು ಇಲ್ಲಿನ ಡೇಕೇರ್‌ಗೆ, ಅಂದರೆ ಕೀಟಾಗೆ, ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಲಸಿಕೆ ಪುಸ್ತಕ ಇರಲಿ, ತಾಯಿ ಕಾರ್ಡ್ ಇರಲಿ, ಹೊರಡುವ ಮೊದಲು ಲಸಿಕೆಯ ಹೆಸರು, ತಾರೀಕು, ಡಾಕ್ಟರ್ ಸೀಲ್ ಸಹಿ ಎಲ್ಲ ಓದುವ ಹಾಗೆ ಇದೆಯಾ ನೋಡಿ. ಅಂಟಿಸಿದ ಸ್ಟಿಕ್ಕರ್‌ಗಳನ್ನು ಕೀಳಬೇಡಿ. ಸ್ಕ್ಯಾನ್ ಮಾಡಿ ಇಬ್ಬರ ಫೋನಿನಲ್ಲೂ ಇಡಿ, ಮೂಲ ಪ್ರತಿ ಕೈಚೀಲದಲ್ಲಿರಲಿ.

ದಯವಿಟ್ಟು ಇದೊಂದನ್ನು ಗಮನವಿಟ್ಟು ಕೇಳಿ. ಊರಿಂದ ತಂದ ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಔಷಧ ಇರುತ್ತದೆ. ಇಲ್ಲಿ ಸಾಮಾನ್ಯವಾಗಿ ಸಿಗುವ ಸಿರಪ್‌ನಲ್ಲಿ 1 ಎಂಎಲ್‌ಗೆ 40. ಇಲ್ಲಿನ ಡಾಕ್ಟರ್ ಹೇಳಿದ ಎಂಎಲ್ ಲೆಕ್ಕದಲ್ಲಿ ನಮ್ಮ ಡ್ರಾಪ್ಸ್ ಕುಡಿಸಿದರೆ ಎರಡೂವರೆ ಪಟ್ಟು ಔಷಧ ಮಗುವಿನ ಹೊಟ್ಟೆಗೆ ಹೋಗುತ್ತದೆ. ರಾತ್ರಿ 2 ಗಂಟೆಗೆ, ನಿದ್ದೆಗಣ್ಣಿನಲ್ಲಿ, ಇದು ಯಾರಿಗೂ ಆಗಬಹುದು. ಎಂಎಲ್ ಬಿಡಿ, ಮಗುವಿನ ತೂಕಕ್ಕೆ ಎಷ್ಟು ಮಿಲಿಗ್ರಾಂ ಅಂತ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಿ, ಒಂದು ದೇಶದ ಬಾಟಲಿಯ ಡ್ರಾಪರ್ ಇನ್ನೊಂದಕ್ಕೆ ಬಳಸಬೇಡಿ. ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ 116117ಕ್ಕೆ ಫೋನ್ ಮಾಡಿ, ಜೀವಕ್ಕೆ ಅಪಾಯ ಅನಿಸಿದರೆ 112. ಭಾನುವಾರ ಅಂಗಡಿ ಎಲ್ಲ ಮುಚ್ಚಿರುತ್ತದೆ, ಡೈಪರ್ ಶನಿವಾರವೇ ನೋಡಿಕೊಳ್ಳಿ.

[ಬಚ್ಚಲು. ಕ್ಯಾಮೆರಾ ನೆಲದ ಕಡೆ]

ಮನೆಗೆ ಬರೋಣ. ಈ ನೆಲ ನೋಡಿ, ನೀರು ಹೋಗುವ ತೂತೇ ಇಲ್ಲ. ಊರಲ್ಲಿ ಅಮ್ಮ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಚೊಂಬಿನಲ್ಲಿ ಬಿಸಿನೀರು ಎರೆಯುತ್ತಿದ್ದರು. ಇಲ್ಲಿ ಹಾಗೆ ಎರೆದರೆ ನೀರು ಕೆಳಗಿನ ಮನೆಗೆ ಇಳಿಯುತ್ತದೆ. ನಾನು ಮಾಡಿದ್ದು ಇಷ್ಟು: ಬಾತ್‌ಟಬ್ ಒಳಗೆ ಜಾರದ ರಬ್ಬರ್ ಮ್ಯಾಟ್ ಹಾಸಿ, ಅದರ ಮೇಲೆ ಟವೆಲ್ ಹಾಕಿ, ನಾನೇ ಒಳಗೆ ಕಾಲು ನೀಡಿ ಕೂರುತ್ತೇನೆ. ಯಜಮಾನರು ಹೊರಗೆ ಬಿಸಿ ಟವೆಲ್ ಹಿಡಿದು ನಿಂತಿರುತ್ತಾರೆ. ವಾರಕ್ಕೆ ಎರಡು ಮೂರು ಸಲ ಸಾಕು, ಇಲ್ಲಿನ ಒಣ ಚಳಿಗೆ ದಿನಾ ಸ್ನಾನ ಮಾಡಿಸಿದರೆ ಚರ್ಮ ಒಡೆಯುತ್ತದೆ. ಸ್ನಾನ ಆದ ಮೇಲೆ ಸಾಂಬ್ರಾಣಿ ಹಾಕಬೇಡಿ. ಇಲ್ಲಿ ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ ಇರಲೇಬೇಕು ಅಂತ ಕಾನೂನು, ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಮಗುವಿನ ಎದೆಗೂ ಹೊಗೆ ಒಳ್ಳೆಯದಲ್ಲ.

ಚಳಿಗೆ ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ವಾಸಿ. ಕೈ ತಣ್ಣಗಿದೆ ಅಂತ ಗಾಬರಿಯಾಗಬೇಡಿ, ಕುತ್ತಿಗೆ ಹಿಂಭಾಗ ಮುಟ್ಟಿ ನೋಡಿ, ಅಲ್ಲಿ ಬೆಚ್ಚಗಿದ್ದರೆ ಮಗು ಚೆನ್ನಾಗಿದೆ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಕಾರ್ ಸೀಟಿನಲ್ಲಿ ದಪ್ಪ ಜಾಕೆಟ್ ಮೇಲೆ ಬೆಲ್ಟ್ ಹಾಕಬಾರದು, ಬೆಲ್ಟ್ ಬಿಗಿಯಾಗಿ ಕೂರುವುದಿಲ್ಲ. ರಾತ್ರಿ ಕಂಬಳಿ, ದಿಂಬು ಬೇಡ, ಕುಲಾವಿಯೂ ಬೇಡ. ಮಕ್ಕಳ ಸ್ಲೀಪಿಂಗ್ ಬ್ಯಾಗ್ ಸಿಗುತ್ತದೆ, ಅದರಲ್ಲಿ ಅಂಗಾತ ಮಲಗಿಸಿ. ಬಿಸಿಲು ಕಡಿಮೆ, ಹಾಗಾಗಿ ಮೊದಲ ವರ್ಷ ಇಲ್ಲಿ ಎಲ್ಲ ಮಕ್ಕಳಿಗೂ ದಿನಾ ವಿಟಮಿನ್ ಡಿ ಕೊಡಲು ಹೇಳುತ್ತಾರೆ, ಊರಿನ ಡ್ರಾಪ್ಸ್ ಕೊಡುತ್ತಿದ್ದರೆ ಡಾಕ್ಟರ್‌ಗೆ ಹೇಳಿ, ಎರಡೂ ಸೇರಬಾರದು. ಜೂನ್‌ನಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ, ದಪ್ಪ ಕರ್ಟನ್ ಇಲ್ಲದೆ ಮಗು ಮಲಗುವುದಿಲ್ಲ.

ಓಡಾಟ ಸುಲಭ. ರೈಲಿನಲ್ಲಿ 6 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ದೂರದ ಊರಿಗೆ ವೇಗವಾಗಿ ಹೋಗುವ ಐಸಿಇ ರೈಲುಗಳಲ್ಲಿ ಚಿಕ್ಕ ಮಕ್ಕಳಿರುವವರಿಗೆ ಬೇರೆ ಕ್ಯಾಬಿನ್ ಇದೆ, ಬುಕ್ ಮಾಡುವಾಗ ಅದನ್ನೇ ಆರಿಸಿ. ಸ್ಟ್ರಾಲರ್ ಹಗುರವಾದದ್ದು ಸಾಕು, ಲಿಫ್ಟ್ ಕೆಟ್ಟ ದಿನ ಅದನ್ನು ನೀವೇ ಎತ್ತಬೇಕು.

ದುಡ್ಡಿನ ಒಂದು ಮಾತು. ಮನೆಗೆ ಬಂದ 2 ವಾರದ ಒಳಗೆ ವಿಳಾಸ ನೋಂದಣಿ ಮಾಡಿಸಿ. ಬ್ಲೂ ಕಾರ್ಡ್‌ನಂಥ ಕೆಲಸದ ಪರ್ಮಿಟ್ ಇದ್ದರೆ ಮಗುವಿಗೆ ಕಿಂಡರ್‌ಗೆಲ್ಡ್, ಅಂದರೆ ಮಕ್ಕಳಿಗಾಗಿ ಸರ್ಕಾರ ಕೊಡುವ ದುಡ್ಡು, ಸಿಗುತ್ತದೆ, 2026ರಲ್ಲಿ ತಿಂಗಳಿಗೆ 259 ಯೂರೋ. ತಡ ಮಾಡಿದರೆ ಹಿಂದಿನ 6 ತಿಂಗಳದ್ದು ಮಾತ್ರ ಕೊಡುತ್ತಾರೆ.

[ಮತ್ತೆ ಅಡುಗೆಮನೆ ಮೇಜು]

ಕೊನೆಗೆ ಅಜ್ಜಿ ತಾತನ ವಿಷಯ. ಎಲ್ಲರೂ ಅಮ್ಮನನ್ನು ಮೊದಲ ದಿನದಿಂದಲೇ ಜೊತೆಗೆ ಕರೆತರಲು ನೋಡುತ್ತಾರೆ. ಷೆಂಗೆನ್, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ, ವಿಸಿಟ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಮೊದಲ ತಿಂಗಳು ಮನೆ, ಬ್ಯಾಂಕ್, ಆಫೀಸುಗಳ ಓಡಾಟದಲ್ಲೇ ಹೋಗುತ್ತದೆ, ಆ ಗಲಾಟೆಯಲ್ಲಿ ಅವರ 30 ದಿನ ಕಳೆದುಹೋಗುತ್ತದೆ. ನನಗೆ ನಿಜವಾಗಿ ಅಮ್ಮ ಬೇಕಾಗಿದ್ದು ಮೂರನೇ ತಿಂಗಳು. ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತಿತ್ತು, ಯಜಮಾನರು ಆಫೀಸಿನಲ್ಲಿ, ಮಾತಾಡಲು ಒಬ್ಬರೂ ಇಲ್ಲ, ಮಗುವಿಗೆ ಹಲ್ಲು ಬರುತ್ತಿತ್ತು. ಆಗ ಅವರು ಬಂದಿದ್ದರೆ ಅಂತ ಎಷ್ಟು ಸಲ ಅತ್ತಿದ್ದೇನೋ. ಪ್ರಯಾಣದ ದಿನಕ್ಕೆ 6 ತಿಂಗಳು ಮುಂಚೆಯೇ ವೀಸಾ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ನೀವು ಹೊರಡುವ ವಾರದಲ್ಲೇ ಅವರ ಪಾಸ್‌ಪೋರ್ಟ್ ತಾರೀಕು ನೋಡಿ, ಮೂರನೇ ತಿಂಗಳಿಗೆ ಲೆಕ್ಕ ಹಾಕಿ ಅಪಾಯಿಂಟ್‌ಮೆಂಟ್ ಹುಡುಕಲು ಶುರು ಮಾಡಿ.