ಮೇಲ್ ಹೋಯ್ತು ಅಂದ್ರೆ ಮುಟ್ಟಿತು ಅಂತಲ್ಲ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲೇ ಓದಿ, ಇಲ್ಲಿನ ಅಂಗಡಿ, ಕೋಚಿಂಗ್ ಕೇಂದ್ರಗಳಿಗೆ ವೆಬ್‌ಸೈಟ್ ಮಾಡಿಕೊಡುವವನು. ಪಾಸ್‌ವರ್ಡ್ ಬದಲಿಸುವ ಲಿಂಕ್, ಫೀಸ್ ರಸೀದಿ, ಓಟಿಪಿ ಇವೆಲ್ಲ ನಮ್ಮ ಸೈಟಿನಿಂದ ಮೇಲ್‌ನಲ್ಲಿ ಹೋಗಬೇಕು. ಒಬ್ಬರು ಏನೋ ಮಾಡಿದ್ದಕ್ಕೆ ಅವರೊಬ್ಬರಿಗೇ ಹೋಗುವ ಇಂಥ ಮೇಲ್‌ಗೆ ಟ್ರಾನ್ಸಾಕ್ಷನಲ್ ಇಮೇಲ್ ಅಂತಾರೆ. ಇವತ್ತು ಅದರ ಬಗ್ಗೆ ಮಾತಾಡ್ತೀನಿ.

ಕೆಲವು ವರ್ಷಗಳ ಹಿಂದೆ ಒಂದು ಕೋಚಿಂಗ್ ಕೇಂದ್ರಕ್ಕೆ ಅರ್ಜಿ ತುಂಬುವ ಸೈಟ್ ಮಾಡಿದ್ದೆ. ಜಗಳೂರು ಕಡೆಯ ಹುಡುಗಿಯೊಬ್ಬಳು ಪಾಸ್‌ವರ್ಡ್ ಮರೆತಳು. ಮೂರು ಸಲ ಲಿಂಕ್ ಕೇಳಿದಳು, ಬರಲಿಲ್ಲ. ಕೊನೆಗೆ ಅಪ್ಪನ ಜೊತೆ ಬಸ್ ಹತ್ತಿ ಬಂದಳು. ನನ್ನ ಲಾಗ್‌ನಲ್ಲಿ ಮೂರು ಸಲವೂ 'ಸಕ್ಸಸ್' ಅಂತಿತ್ತು. ಅವಳ ಫೋನ್ ನೋಡಿದರೆ ಮೂರೂ ಮೇಲ್ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದ್ದವು. ಆ ಅಪ್ಪನ ಒಂದು ದಿನದ ಕೂಲಿ ಹೋಗಿತ್ತು. ಅದು ನನಗೆ ಇನ್ನೂ ಚುಚ್ಚುತ್ತದೆ.

ನಮ್ಮೂರಲ್ಲಿ ಬಟ್ಟೆ ಬೇಲೋ ಮಂಡಕ್ಕಿ ಚೀಲವೋ ಲಾರಿ ಆಫೀಸಿಗೆ ಹಾಕಿದರೆ ಬುಕಿಂಗ್ ರಸೀದಿ ಕೊಡ್ತಾರೆ, ಅಲ್ವಾ? ಮಾಲು ಅವರ ಕೈಗೆ ಬಂತು ಅಂತ ಅದರ ಅರ್ಥ. ಹುಬ್ಬಳ್ಳಿಯ ಅಂಗಡಿಗೆ ಇಳೀತು ಅಂತಲ್ಲ. ನಮ್ಮ ಮೇಲ್ ಸಾಗಿಸುವ ಇಮೇಲ್ ಸೇವೆಯ ಎಪಿಐ, ಅಂದರೆ ನಮ್ಮ ಕೋಡ್ ಅದರ ಜೊತೆ ಮಾತಾಡುವ ಬಾಗಿಲು, ಕೊಡುವ 200 ಅಥವಾ 202 ಅನ್ನುವ 'ತಗೊಂಡೆ' ಸಂಕೇತ ಕೂಡ ಬುಕಿಂಗ್ ರಸೀದಿಯೇ. ನಾನು ಅದನ್ನೇ ಮುಟ್ಟಿದ್ದಕ್ಕೆ ಸಾಕ್ಷಿ ಅಂದುಕೊಂಡಿದ್ದೆ.

ಸೇವೆಗೆ ಜೋಡಿಸುವ ಕೆಲಸ ದೊಡ್ಡದಲ್ಲ. ಅಮೆಜಾನ್ ಎಸ್‌ಇಎಸ್, ಸೆಂಡ್‌ಗ್ರಿಡ್, ಪೋಸ್ಟ್‌ಮಾರ್ಕ್, ಮೇಲ್‌ಗನ್ ಯಾವುದಾದರೂ ಆಗಲಿ, ಖಾತೆ ತೆರೆದು ಕೀ (ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ತಗೊಂಡು ನಾಲ್ಕು ಸಾಲು ಕೋಡ್ ಬರೆದರೆ ಮುಗೀತು. ಕೀಯನ್ನು ಕೋಡ್ ಒಳಗೆ ಬರೆಯಬೇಡಿ, ಕೋಡ್‌ನ ಹೊರಗೆ, ಸರ್ವರ್‌ನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇಡಿ. ಕೋಡ್ ಹಂಚುವ ಗಿಟ್‌ಹಬ್‌ಗೆ ಹೋದ ಕೀ ಹುಡುಕುವುದಕ್ಕೇ ಬಾಟ್‌ಗಳಿವೆ. ಎಸ್‌ಇಎಸ್ ಹೊಸ ಖಾತೆಯನ್ನು ಮೊದಲು ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ಪ್ರಯೋಗದ ಮಿತಿಯೊಳಗೆ, ಇಡುತ್ತದೆ. ದಿನಕ್ಕೆ 200 ಮೇಲ್, ಅದೂ ನೀವು ದೃಢಪಡಿಸಿದ ವಿಳಾಸಗಳಿಗೆ ಮಾತ್ರ. ಸೈಟ್ ಶುರುವಾಗುವ ಹಿಂದಿನ ರಾತ್ರಿ ಇದು ಗೊತ್ತಾದರೆ ಕಷ್ಟ.

ನಿಜವಾದ ಕೆಲಸ ಇರುವುದು ಡೊಮೈನ್‌ನಲ್ಲಿ, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರಿನಲ್ಲಿ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬಂದದ್ದು 1982ರಲ್ಲಿ. ಕಳಿಸಿದವರು ಯಾರು ಅಂತ ಏನು ಬರೆದರೂ ಅದು ನಂಬುತ್ತಿತ್ತು. ಈ ತೂತು ಮುಚ್ಚಲು ಆಮೇಲೆ ಮೂರು ಏರ್ಪಾಡು ಬಂದವು. ನನ್ನ ಹೆಸರಲ್ಲಿ ಮಾಲು ಸಾಗಿಸಲು ಯಾವ ಲಾರಿಗಳಿಗೆ ಒಪ್ಪಿಗೆ ಇದೆ ಅನ್ನುವ ಪಟ್ಟಿ ಎಸ್‌ಪಿಎಫ್. ಬೇಲಿನ ಮೇಲೆ ಅಂಗಡಿ ಹಾಕಿದ ಸೀಲು ಡಿಕಿಮ್. ದಾರಿಯಲ್ಲಿ ಯಾರಾದರೂ ಬಿಚ್ಚಿ ಬದಲಿಸಿದರೆ ಗೊತ್ತಾಗುತ್ತದೆ. ಇವೆರಡರಲ್ಲಿ ಒಂದಾದರೂ ಸರಿಯಾಗಿದ್ದು, 'ಫ್ರಮ್' ವಿಳಾಸದ ಡೊಮೈನ್‌ಗೂ ಹೊಂದಬೇಕು. ಹೊಂದದಿದ್ದರೆ ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್.

ನನ್ನ ತಪ್ಪು ಇಲ್ಲೇ ಇತ್ತು. ಕೇಂದ್ರದವರ ಜಿಮೇಲ್ ವಿಳಾಸವನ್ನೇ 'ಫ್ರಮ್' ಅಂತ ಹಾಕಿ ಬೇರೆ ಸೇವೆಯಿಂದ ಕಳಿಸಿದ್ದೆ. ಆ ಡೊಮೈನ್ ಗೂಗಲ್‌ನದು. ಅದರ ಹೆಸರಲ್ಲಿ ಕಳಿಸಲು ನನಗೆ ಒಪ್ಪಿಗೆ ಎಲ್ಲಿತ್ತು? ಕೇಂದ್ರದ ಸ್ವಂತ ಡೊಮೈನ್‌ನಿಂದ ಕಳಿಸಿ, ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರ ಎಲ್ಲರಿಗೂ ಕಾಣುವ ಹಾಗೆ ಇಡುವ ಪಟ್ಟಿ) ಸೇವೆಯವರು ಹೇಳಿದ ದಾಖಲೆಗಳನ್ನು ಸೇರಿಸಿದ ಮೇಲೆ ಸರಿಹೋಯಿತು. ಒಂದು ಎಚ್ಚರ. ಒಂದು ಡೊಮೈನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹಳೆಯದು ಇದ್ದರೆ ಅದರೊಳಗೇ ಸೇರಿಸಿ. ಎರಡು ಬರೆದರೆ ಎರಡೂ ಕೆಡುತ್ತವೆ. 2024ರ ಫೆಬ್ರವರಿಯಿಂದ ಜಿಮೇಲ್‌ಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಈ ಮೂರೂ ಕಡ್ಡಾಯ. ನೀವು ಐವತ್ತು ಕಳಿಸಿದರೂ ಮೂರನ್ನೂ ಮಾಡಿಕೊಳ್ಳಿ.

ಇನ್ನೊಂದು. ಬಟನ್ ಒತ್ತಿದವರನ್ನು ಕಾಯಿಸಿಕೊಂಡು ಮೇಲ್ ಕಳಿಸಬೇಡಿ. ಕ್ಯೂನಲ್ಲಿ (ಸರದಿ ಸಾಲಿನಲ್ಲಿ) ಹಾಕಿ, ಅವರು ಮುಂದಿನ ಪುಟಕ್ಕೆ ಹೋದರೂ ತೆರೆಮರೆಯಲ್ಲಿ ಹೋಗುವ ಹಾಗೆ ಮಾಡಿ. ಪ್ರತಿ ರಸೀದಿಗೂ ಒಂದು ಗುರುತಿನ ಸಂಖ್ಯೆ ಇರಲಿ. ಇಲ್ಲದಿದ್ದರೆ ಮರುಪ್ರಯತ್ನದಲ್ಲಿ ಒಂದೇ ರಸೀದಿ ಎರಡು ಸಲ ಹೋಗುತ್ತದೆ. ಆಮೇಲೆ ಪೋಷಕರು ಗಾಬರಿಯಾಗಿ ಫೋನ್ ಮಾಡ್ತಾರೆ, ದುಡ್ಡು ಎರಡು ಸಲ ಕಟ್ ಆಯ್ತಾ ಅಂತ.

ಮೇಲ್ ಮುಟ್ಟಿತೋ, ಬೌನ್ಸ್ ಆಯಿತೋ (ಮುಟ್ಟದೆ ವಾಪಸ್ ಬಂತೋ), ಸ್ಪ್ಯಾಮ್ ಅಂತ ದೂರು ಬಂತೋ ಅನ್ನುವುದನ್ನು ಸೇವೆಯವರು ವೆಬ್‌ಹುಕ್ ಮೂಲಕ, ಅಂದರೆ ನಮ್ಮ ಸೈಟಿಗೆ ತಾವಾಗೇ ಸುದ್ದಿ ಕಳಿಸಿ, ತಿಳಿಸುತ್ತಾರೆ. ಸುಮ್ನೆ ಬಿಡಬೇಡಿ, ಡೇಟಾಬೇಸ್‌ನಲ್ಲಿ ಬರೆದಿಡಿ. ಇಲ್ಲದ ವಿಳಾಸಕ್ಕೆ ಮತ್ತೆ ಮತ್ತೆ ಕಳಿಸಿ ಬೌನ್ಸ್ 5% ಮುಟ್ಟಿದರೆ ಎಸ್‌ಇಎಸ್ ನಿಮ್ಮ ಖಾತೆಯನ್ನು ಪರಿಶೀಲನೆಗೆ ಹಾಕುತ್ತದೆ. 10% ದಾಟಿದರೆ ಕಳಿಸುವುದನ್ನೇ ನಿಲ್ಲಿಸಬಹುದು.

ಆದರೆ ಬೌನ್ಸ್ ಕೂಡ ಹೇಳದ ಒಂದು ಸಂಗತಿ ನಮ್ಮ ಕಡೆ ಇದೆ. ಹಳ್ಳಿ ಮಕ್ಕಳ ಅರ್ಜಿ ತುಂಬುವುದು ಸೈಬರ್ ಸೆಂಟರ್‌ನಲ್ಲಿ. ಮೇಲ್ ಐಡಿ ಇಲ್ಲ ಅಂದರೆ ಅಂಗಡಿಯವರು ತಮ್ಮದನ್ನೇ ಹಾಕುತ್ತಾರೆ. ಸಹಾಯ ಮಾಡುವ ಮನಸ್ಸಿನಿಂದಲೇ. ಆದರೆ ಆ ಮಗುವಿನ ಪಾಸ್‌ವರ್ಡ್ ಲಿಂಕ್ ಅವರ ಇನ್‌ಬಾಕ್ಸ್‌ಗೆ ಹೋಗುತ್ತದೆ, ಮತ್ತು ನಿಮ್ಮ ವೆಬ್‌ಹುಕ್ 'ಮುಟ್ಟಿತು' ಅನ್ನುತ್ತದೆ. ಒಂದೇ ವಿಳಾಸದಲ್ಲಿ ಹತ್ತು ಅರ್ಜಿ ಬಂದರೆ ನನ್ನ ಸೈಟ್ ಈಗ ನಿಲ್ಲಿಸಿ ಕೇಳುತ್ತದೆ, ಫೋನ್ ನಂಬರ್ ಮೂಲಕವೂ ದಾರಿ ಕೊಡುತ್ತದೆ.

ಈಗ ಲ್ಯಾಪ್‌ಟಾಪ್ ತೆಗೆಯಿರಿ. ನಿಮ್ಮ ಪ್ರಾಜೆಕ್ಟ್‌ನಿಂದ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಅದನ್ನು ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮುಂದೆ 'ಪಾಸ್' ಅಂತ ಇದೆಯಾ ನೋಡಿ. ಇಲ್ಲದವರು ಕೈ ಎತ್ತಿ, ನಾನು ಅಲ್ಲಿಗೇ ಬರ್ತೀನಿ.