ಬಲ್ಲಾರಟ್‌ನ ಲೋಲಾ, ಸಿಡ್ನಿಯ ಸ್ಟುಡಿಯೋ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಆಸ್ಟ್ರೇಲಿಯಾದ ನಾಟಕಕಾರ ಅಲನ್ ಬರ್ಕ್ ಅವರ ವಿಷಯ ಮಾತಾಡೋಣ. ನಮ್ಮಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಆದರೆ ನಾಟಕದ ಹುಚ್ಚಿರುವವರು ತಿಳಿಯಬೇಕಾದ ಮನುಷ್ಯ.

1950ರ ದಶಕದಲ್ಲಿ ಆಸ್ಟ್ರೇಲಿಯಾದ ದೊಡ್ಡ ಥಿಯೇಟರುಗಳಲ್ಲಿ ಸಂಗೀತ ನಾಟಕ ಅಂದರೆ ಬಹುಪಾಲು ಲಂಡನ್ನಿನದೋ ನ್ಯೂಯಾರ್ಕಿನದೋ ಆಗಿರುತ್ತಿತ್ತು. ಬರ್ಕ್ ತಮ್ಮ ನೆಲದಲ್ಲೇ ಕಥೆ ಹುಡುಕಿದರು. ಚಿನ್ನದ ಗಣಿಗಳ ಊರು ಬಲ್ಲಾರಟ್. 1856ರಲ್ಲಿ ಅಲ್ಲಿಗೆ ಬಂದ ನರ್ತಕಿ ಲೋಲಾ ಮಾಂಟೆಜ್. ಬಟ್ಟೆಯೊಳಗೆ ಜೇಡ ಹೊಕ್ಕಿದೆ ಅನ್ನೋ ಹಾಗೆ ಲಂಗ ಕೊಡವಿ ಕೊಡವಿ ಕುಣಿಯೋದು ಅವಳ ಹೆಸರುವಾಸಿ ನೃತ್ಯ. ತನ್ನ ಬಗ್ಗೆ ಕೆಟ್ಟದಾಗಿ ಬರೆದ ಅಂತ ಊರಿನ ಪತ್ರಿಕೆಯ ಸಂಪಾದಕನಿಗೇ ಚಾಟಿ ಬೀಸಿದವಳು! ನಾಟಕಕ್ಕೆ ಇನ್ನೇನು ಬೇಕು, ಅಲ್ವಾ?

ಮಾತು ಬರ್ಕ್ ಅವರದು, ಸಂಗೀತ ಪೀಟರ್ ಸ್ಟ್ಯಾನರ್ಡ್ ಅವರದು, ಹಾಡುಗಳ ಸಾಹಿತ್ಯ ಪೀಟರ್ ಬೆಂಜಮಿನ್ ಅವರದು. 1958ರಲ್ಲಿ 'ಲೋಲಾ ಮಾಂಟೆಜ್' ಮೆಲ್ಬರ್ನಿನಲ್ಲಿ ರಂಗಕ್ಕೇರಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ರಂಗಕಲೆ ಬೆಳೆಸುತ್ತಿದ್ದ ಎಲಿಜಬೆತನ್ ಥಿಯೇಟರ್ ಟ್ರಸ್ಟ್ ಅನ್ನೋ ಸಂಸ್ಥೆ ಅದನ್ನು ಇನ್ನೂ ಅದ್ದೂರಿಯಾಗಿ ಆಡಿಸಿತು. ದುಡ್ಡು ಮಾತ್ರ ಹುಟ್ಟಲಿಲ್ಲ.

ನನಗೆ ಜಾಸ್ತಿ ಇಷ್ಟವಾಗೋದು ಅವರ ಮುಂದಿನ ಸಾಹಸ. ಆಸ್ಟ್ರೇಲಿಯಾಕ್ಕೆ ಟೆಲಿವಿಷನ್ ಬಂದದ್ದು 1956ರಲ್ಲಿ. 1959ರಲ್ಲಿ ಇದೇ ಮೂವರು ಸಿಡ್ನಿಯ ಎಟಿಎನ್-7 ಚಾನೆಲ್ಲಿಗೆ ಅಂತಲೇ ಒಂದು ಸಂಗೀತ ನಾಟಕ ಬರೆದುಕೊಟ್ಟರು. ಹೆಸರು 'ಪಾರ್ಡನ್ ಮಿಸ್ ವೆಸ್ಟ್‌ಕಾಟ್'. ಶಿಕ್ಷೆ ವಿಧಿಸಿ, ಹಡಗು ಹತ್ತಿಸಿ, ಇಂಗ್ಲೆಂಡಿನಿಂದ ಸಿಡ್ನಿಗೆ ಕಳಿಸಿದ ಹುಡುಗಿಯ ಕಥೆ. ಅದೂ ನೇರ ಪ್ರಸಾರ!

ನೇರ ಪ್ರಸಾರದ ಕಷ್ಟ ಸ್ವಲ್ಪ ಯೋಚಿಸಿ. ಥಿಯೇಟರಿನಲ್ಲಿ ಹಾಡು ಮುಗಿದ ಮೇಲೆ ಚಪ್ಪಾಳೆ ಬೀಳುತ್ತೆ, ನಟಿಗೆ ಉಸಿರು ತಗೊಳ್ಳೋಕೆ ಪುರಸೊತ್ತು ಸಿಗುತ್ತೆ. ಕ್ಯಾಮೆರಾ ಮುಂದೆ ಹಾಗೆ ಕಾಯುತ್ತಾ ನಿಲ್ಲೋ ಹಾಗಿಲ್ಲ. ಅವಳು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಓಡಿಹೋಗಬೇಕಾದರೆ, ಅಷ್ಟು ಹೊತ್ತು ಬೇರೆ ಯಾರಾದರೂ ಮಾತಾಡುತ್ತಿರಬೇಕು. ಆ ಮಾತನ್ನು ನಾಟಕಕಾರನೇ ಲೆಕ್ಕ ಹಾಕಿ ಬರೆಯಬೇಕು. ಸುಮ್ನೆ ಎಳೆದರೆ ನೋಡುಗರಿಗೆ ತಕ್ಷಣ ಗೊತ್ತಾಗಿಬಿಡುತ್ತೆ. ಇನ್ನು ಬೇರೆ ಊರಿನವರು ನೋಡೋದು ಹೇಗೆ? ಟಿವಿ ಕಾರ್ಯಕ್ರಮ ಸಾಗಿಸೋ ಕೇಬಲ್ ಸಂಪರ್ಕ ಸಿಡ್ನಿ, ಮೆಲ್ಬರ್ನ್ ನಡುವೆ ಬಂದದ್ದೇ 1962ರಲ್ಲಿ. ಅಲ್ಲಿಯವರೆಗೆ ಇಂಥ ನಾಟಕಗಳನ್ನು ಟಿವಿ ಪರದೆಯಿಂದಲೇ ಫಿಲ್ಮಿಗೆ ಇಳಿಸಿ ಬೇರೆ ಊರುಗಳಿಗೆ ಕಳಿಸುತ್ತಿದ್ದರು.

ಅದೇ 1962ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಟೆಲಿವಿಷನ್ 'ಲೋಲಾ ಮಾಂಟೆಜ್' ನಾಟಕವನ್ನು ಮನೆಮನೆಗೆ ತಲುಪಿಸಿತು. ನಿರ್ದೇಶನ ಅಲನ್ ಬರ್ಕ್ ಅವರದೇ.