ಮುದ್ರೆ ಬೀಳಬೇಕಾದದ್ದು ಎಲ್ಲಿ? ಕಾಡುಮಾಂಸದ ಪ್ರಮಾಣಪತ್ರ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಬೇಟೆಯಾಡಿದ ಕಾಡುಪ್ರಾಣಿಯ ಮಾಂಸಕ್ಕೋ ಚರ್ಮಕ್ಕೋ ‘ಇದು ಮಿತಿ ಮೀರದೆ ಹೊಡೆದದ್ದು’ ಎಂಬ ಪ್ರಮಾಣಪತ್ರ ಕೊಡಬಹುದೇ ಎಂಬುದು ಇವತ್ತಿನ ವಿಷಯ. ಮಾತನ್ನು ಒಂದು ಕೈಗವಸಿನಿಂದ ಶುರು ಮಾಡುತ್ತೇನೆ. ಯುರೋಪಿನ ದುಬಾರಿ ಅಂಗಡಿಗಳಲ್ಲಿ ಪೆಕರಿ ಚರ್ಮದ ಕೈಗವಸು ಸಿಗುತ್ತದೆ. ಮುಟ್ಟಿದರೆ ಬಲು ಮೆತ್ತಗೆ. ಬೆಳಕಿಗೆ ಹಿಡಿದು ನೋಡಿದರೆ ಮೈತುಂಬ ಸೂಜಿಮೊನೆಯಷ್ಟು ರಂಧ್ರಗಳು, ಮೂರು ಮೂರರ ಗುಂಪಿನಲ್ಲಿ. ಆ ಪ್ರಾಣಿಗೆ ಕೂದಲು ಹುಟ್ಟುವುದೇ ಹಾಗೆ.

ಪೆಕರಿ ನೋಡಲು ಹಂದಿಯ ಹಾಗಿದ್ದರೂ ಹಂದಿಯಲ್ಲ, ಅಮೆರಿಕ ಖಂಡಗಳದ್ದೇ ಆದ ಬೇರೆ ಕುಟುಂಬ. ಅಮೆಜಾನ್ ಕಾಡಿನಲ್ಲಿ ಎರಡು ಬಗೆ. ಕೊರಳಲ್ಲಿ ಬಿಳಿ ಪಟ್ಟೆ ಇರುವುದು ಚಿಕ್ಕದು, ಸಣ್ಣ ಗುಂಪಿನಲ್ಲಿ ಓಡಾಡುತ್ತದೆ. ಬಿಳಿತುಟಿಯದು ದೊಡ್ಡದು, ನೂರು, ಇನ್ನೂರರ ಹಿಂಡು ಕಟ್ಟಿಕೊಂಡು ಹಲ್ಲು ಕಟಕಟಿಸುತ್ತಾ ಸಾಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಬಡಿಯುತ್ತದೆ. ಪೆರು ದೇಶದ ಲೊರೆಟೊ ಪ್ರಾಂತ್ಯದ ನದಿದಂಡೆಯ ಹಳ್ಳಿಗಳಿಗೆ ಈ ಎರಡೂ ಅನ್ನ ಇದ್ದಂತೆ.

ಪೆರುವಿನ ಅಮೆಜಾನಿನಲ್ಲಿ ವ್ಯಾಪಾರಕ್ಕಾಗಿ ಬೇಟೆಯಾಡುವುದನ್ನು 1970ರ ದಶಕದಲ್ಲಿ ನಿಷೇಧಿಸಲಾಯಿತು. ಹೊಟ್ಟೆಪಾಡಿನ ಬೇಟೆಗೆ ಅಡ್ಡಿಯಿಲ್ಲ. ತಿನ್ನಲು ಹೊಡೆದ ಪೆಕರಿಯ ಚರ್ಮವನ್ನು ಮಾತ್ರ ಮಾರಬಹುದು, ಅದೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದ ಷರತ್ತುಗಳಿಗೆ ಒಳಪಟ್ಟು. ಅಂದರೆ ಮಾಂಸ ಮನೆಯ ಮಡಕೆಗೆ, ಚರ್ಮ ದಲ್ಲಾಳಿಯ ದೋಣಿಗೆ. ಆ ದೋಣಿಯಿಂದ ಅಂಗಡಿಯ ಗಾಜಿನ ಕಪಾಟಿನವರೆಗೆ ಬೆಲೆ ಏರುತ್ತಲೇ ಹೋಗುತ್ತದೆ. ಬೇಟೆಗಾರನ ಕೈಗೆ ಬರುವುದು ಅದರ ಚೂರು.

ಅಮೆಜಾನಿನ ವನ್ಯಜೀವಿಗಳ ಸಂಶೋಧಕ ರಿಚರ್ಡ್ ಬಾಡ್ಮರ್ ಮತ್ತು ಅವರ ಜೊತೆಗಾರರಿಗೆ ಹೊಳೆದದ್ದು ಇಲ್ಲಿಯೇ. ಹೇಗೂ ಕಾನೂನುಬದ್ಧವಾಗಿ ಹೊರಗೆ ಹೋಗುತ್ತಿರುವ ಈ ಚರ್ಮಕ್ಕೆ ಒಂದು ಪ್ರಮಾಣಪತ್ರ ಕೊಟ್ಟರೆ ಹೇಗೆ? ಲೆಕ್ಕ ಇಟ್ಟು, ಮಿತಿ ಮೀರದೆ ಬೇಟೆಯಾಡುವ ಹಳ್ಳಿಯ ಚರ್ಮಕ್ಕೆ ಹೆಚ್ಚು ಬೆಲೆ ಸಿಗಲಿ, ಆ ಹೆಚ್ಚುವರಿ ಹಣ ಹಳ್ಳಿಗೆ ಬರಲಿ. ಮಾಂಸಕ್ಕೆ ಮುದ್ರೆ ಒತ್ತುವ ಬದಲು ಚರ್ಮಕ್ಕೆ ಒತ್ತಿದ್ದು ಜಾಣತನ ಎಂದು ನನಗೆ ಅನ್ನಿಸುತ್ತದೆ. ಯಾಕೆಂದು ಹೇಳುತ್ತೇನೆ.

ಪ್ರಮಾಣೀಕರಣ ಎಂಬ ಉಪಾಯ ಮರ ಮತ್ತು ಮೀನಿನಿಂದ ಬಂದದ್ದು. ಮರಕ್ಕೆ ಎಫ್‌ಎಸ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ವ್ಯವಸ್ಥೆ 1993ರಲ್ಲಿ ಹುಟ್ಟಿತು, ಸಮುದ್ರದ ಮೀನಿಗೆ ಎಂಎಸ್‌ಸಿ ಎಂಬುದು 1997ರಲ್ಲಿ. ಎರಡಕ್ಕೂ ಬೇಕಾದದ್ದು ಮೂರು: ಬರೆದಿಟ್ಟ ನಿಯಮ, ಹೊರಗಿನಿಂದ ಬಂದು ತಪಾಸಣೆ ಮಾಡುವವರು, ಕಾಡಿನಿಂದ ಕೊಳ್ಳುವವರ ಕೈಯವರೆಗೂ ಕಡಿಯದ ದಾಖಲೆ. ಮರದ ದಿಮ್ಮಿಗೆ ಸಂಖ್ಯೆ ಹೊಡೆಯಬಹುದು. ಮೀನು ಹಡಗಿನಿಂದ ಕಾರ್ಖಾನೆಗೆ ಹೋಗುವ ದಾರಿ ಕಾಣುತ್ತದೆ. ಕಾಡುಮಾಂಸದ ದಾರಿಯೇ ಬೇರೆ. ಮಧ್ಯ ಆಫ್ರಿಕಾದ ಸಂತೆಯೊಂದನ್ನು ಕಲ್ಪಿಸಿಕೊಳ್ಳಿ. ಬುಟ್ಟಿಯಲ್ಲಿರುವುದು ಹೊಗೆಗೆ ಒಡ್ಡಿ ಇದ್ದಿಲಿನಂತೆ ಕಪ್ಪಾದ ತುಂಡುಗಳು. ತಲೆ ಇಲ್ಲ, ಚರ್ಮ ಇಲ್ಲ. ಅದರಲ್ಲಿ ಯಾವುದು ಡೈಕರ್ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿಯದು, ಯಾವುದು ಕೋತಿಯದು ಎಂದು ಹೇಳಲು ಕೊನೆಗೆ ಪ್ರಯೋಗಾಲಯದ ಡಿಎನ್‌ಎ ಪರೀಕ್ಷೆಯೇ ಬೇಕು. ತಂದವರಲ್ಲಿ ಹಲವರು, ಬೆಲೆ ಕಡಿಮೆ, ಕೊಳ್ಳುವವರು ಲೇಬಲ್ ನೋಡುವವರಲ್ಲ. ಇಂಥ ತುಂಡಿಗೆ ಮುದ್ರೆ ಒತ್ತಿದರೆ ಅದು ಮರುದಿನವೇ ಪಕ್ಕದ ಕದ್ದ ಬೇಟೆಯ ತುಂಡಿಗೂ ಅಂಟಿಕೊಳ್ಳುತ್ತದೆ. ಕಾನೂನುಬದ್ಧ ಮಾರುಕಟ್ಟೆಯೇ ಕಳ್ಳಮಾಲಿಗೆ ಮುಸುಕಾಗುವ ಈ ಭಯ ನಿಜವಾದದ್ದು. ಪ್ರಮಾಣಪತ್ರದ ಪರ ಮಾತಾಡುವವರು ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು.

ಇನ್ನೊಂದು ತೊಡಕು ಪ್ರಾಣಿಗಳ ಮೈಯಲ್ಲೇ ಇದೆ. ಪೆಕರಿ ಸುಮಾರು ಐದು ತಿಂಗಳು ಗಬ್ಬ ಹೊತ್ತು ಸಾಮಾನ್ಯವಾಗಿ ಎರಡು ಮರಿ ಹಾಕುತ್ತದೆ. ಅದೇ ಕಾಡಿನ ಟೇಪಿರ್ ಎಂಬ ದೊಡ್ಡ ಸಸ್ಯಾಹಾರಿ ಪ್ರಾಣಿ ಹದಿಮೂರು ತಿಂಗಳು ಹೊತ್ತು ಹೆರುವುದು ಒಂದೇ ಮರಿ. ಜೇಡಕೋತಿಗೆ ಒಂದು ಮರಿಯಾದ ಮೇಲೆ ಇನ್ನೊಂದಾಗಲು ಎರಡು-ಮೂರು ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ‘ಸುಸ್ಥಿರ ಕಾಡುಮಾಂಸ’ ಎಂಬ ಒಂದೇ ಮಾತಿಗೆ ಅರ್ಥವಿಲ್ಲ. ಒಬ್ಬನೇ ಬೇಟೆಗಾರ ಒಂದೇ ದಿನ ಒಂದೇ ಕೋವಿಯಲ್ಲಿ ಹೊಡೆದ ಪೆಕರಿ ಕಾಡಿಗೆ ತಡೆದುಕೊಳ್ಳುವ ನಷ್ಟವಾಗಿರಬಹುದು, ಜೇಡಕೋತಿ ಮಾತ್ರ ಖಂಡಿತ ಅಲ್ಲ. ಎಷ್ಟು ಹೊಡೆಯಬಹುದು ಎಂಬುದಕ್ಕೆ 1991ರಿಂದ ಬಳಕೆಯಲ್ಲಿರುವ ಒಂದು ಒರಟು ಲೆಕ್ಕವಿದೆ: ಬೇಗ ಬೆಳೆದು ಬೇಗ ಸಾಯುವ ಪ್ರಾಣಿಗಳಾದರೆ ವರ್ಷದ ಹೊಸ ಹುಟ್ಟಿನ ಶೇ. 60ರವರೆಗೆ, ಮಧ್ಯಮ ಆಯುಸ್ಸಿನವಾದರೆ ಶೇ. 40, ದೀರ್ಘಾಯುಗಳಾದರೆ ಶೇ. 20. ಅದು ಮೇಲಿನ ಗಡಿ ಅಷ್ಟೆ. ಅದಕ್ಕಿಂತ ಕೆಳಗಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ.

ಹಾಗಾದರೆ ಲೆಕ್ಕ ಇಡುವವರು ಯಾರು? ನನ್ನನ್ನು ಈ ವಿಷಯದಲ್ಲಿ ಹಿಡಿದು ನಿಲ್ಲಿಸಿದ್ದು ತಲೆಬುರುಡೆಗಳು. ಲೊರೆಟೊದ ತಮ್ಶಿಯಾಕು-ತಾವಾಯೊ ಸಮುದಾಯ ಮೀಸಲು ಪ್ರದೇಶ ಸ್ಥಾಪನೆಯಾದದ್ದು 1991ರಲ್ಲಿ. ಅಲ್ಲಿನ ಬೇಟೆಗಾರರು ತಾವು ಹೊಡೆದ ಪ್ರಾಣಿಗಳ ತಲೆಬುರುಡೆಗಳನ್ನು ಎಸೆಯದೆ ತೆಗೆದಿಟ್ಟು ಸಂಶೋಧಕರಿಗೆ ಕೊಡುತ್ತಾ ಬಂದಿದ್ದಾರೆ. ಬುರುಡೆ ನೋಡಿದರೆ ಯಾವ ಪ್ರಾಣಿ ಎಂದು ತಿಳಿಯುತ್ತದೆ, ಹಲ್ಲಿನ ಸವೆತದಿಂದ ವಯಸ್ಸು ತಿಳಿಯುತ್ತದೆ. ಹೆಣ್ಣು ಪ್ರಾಣಿಯ ಗರ್ಭಕೋಶವನ್ನು ಉಳಿಸಿ ಕೊಟ್ಟರೆ ಎಷ್ಟು ಹೆಣ್ಣುಗಳು ಗಬ್ಬ ಕಟ್ಟಿವೆ ಎಂಬ ಲೆಕ್ಕವೂ ಸಿಗುತ್ತದೆ. ಜೊತೆಗೆ ಬೇಟೆಗೆ ಹೋದ ದಿನಗಳ ಲೆಕ್ಕ. ಮೊದಲು ಒಂದು ದಿನಕ್ಕೆ ಸಿಗುತ್ತಿದ್ದ ಪ್ರಾಣಿಗೆ ಈಗ ಮೂರು ದಿನ ಅಲೆಯಬೇಕಾದರೆ ಕಾಡು ಬರಿದಾಗುತ್ತಿದೆ ಎಂದೇ ಅರ್ಥ. ಇದಕ್ಕೆ ದೊಡ್ಡ ಯಂತ್ರ ಬೇಡ. ಸುಳ್ಳು ಬರೆಯದ ಮನಸ್ಸು ಬೇಕು, ಸುಳ್ಳು ಬರೆಯಬೇಕಾದ ಭಯ ಇಲ್ಲದ ಸ್ಥಿತಿ ಬೇಕು. ಕಾಡಿನ ಮೇಲೆ ತನ್ನ ಹಕ್ಕು ನಾಳೆಯೂ ಇರುತ್ತದೆ ಎಂಬ ಖಾತ್ರಿ ಇಲ್ಲದವನು ಇವತ್ತಿನ ಪ್ರಾಣಿಯನ್ನು ನಾಳೆಗೆ ಯಾಕೆ ಉಳಿಸುತ್ತಾನೆ?

ನನ್ನ ಮಾತಿನ ತಿರುಳು ಇದೇ. ಮುದ್ರೆ ಬೀಳಬೇಕಾದದ್ದು ಮಾಂಸದ ಮೇಲಲ್ಲ. ಕಾಡಿನ ಮೇಲೆ, ಆ ಕಾಡನ್ನು ನೋಡಿಕೊಳ್ಳುವ ಊರಿನ ಮೇಲೆ.

ಇದಕ್ಕೆ ಬಲವಾದ ಆಧಾರ ಮರದ ಕಡೆಯಿಂದಲೇ ಬಂದಿದೆ. ಕಾಂಗೋ ಗಣರಾಜ್ಯದ ಉತ್ತರದಲ್ಲಿ 1999ರಿಂದ ಒಂದು ಮರದ ಕಂಪನಿ, ಸರ್ಕಾರ ಮತ್ತು ವನ್ಯಜೀವಿ ಸಂಸ್ಥೆ ಸೇರಿ ಬೇಟೆಗೆ ಕಟ್ಟುಪಾಡು ಹಾಕಿದವು. ಉರುಳು ಹಾಕುವಂತಿಲ್ಲ, ಕಂಪನಿಯ ಲಾರಿಯಲ್ಲಿ ಕಾಡುಮಾಂಸ ಸಾಗಿಸುವಂತಿಲ್ಲ, ಕೆಲಸಗಾರರಿಗೆ ಬೇರೆ ಮಾಂಸ ತರಿಸಿ ಕೊಡಬೇಕು, ಸ್ಥಳೀಯರ ಬೇಟೆಗೆ ಪ್ರತ್ಯೇಕ ಜಾಗ ಬಿಡಬೇಕು. 2006ರಲ್ಲಿ ಅಲ್ಲಿನ ಕಾಬೊ ಕಾಡಿಗೆ ಎಫ್‌ಎಸ್‌ಸಿ ಪ್ರಮಾಣಪತ್ರ ಸಿಕ್ಕಿತು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಬಾನ್ ಮತ್ತು ಕಾಂಗೋ ಗಣರಾಜ್ಯದ 14 ಮರದ ಗುತ್ತಿಗೆ ಕಾಡುಗಳಲ್ಲಿ ಕ್ಯಾಮೆರಾ ಇಟ್ಟು ಸುಮಾರು 13 ಲಕ್ಷ ಚಿತ್ರ ತೆಗೆಯಿತು. ಅರ್ಧ ಕಾಡುಗಳಿಗೆ ಪ್ರಮಾಣಪತ್ರವಿತ್ತು, ಅರ್ಧಕ್ಕೆ ಇರಲಿಲ್ಲ. ನೂರು ಕಿಲೋಗಿಂತ ಭಾರದ ಪ್ರಾಣಿಗಳು ಪ್ರಮಾಣಪತ್ರದ ಕಾಡುಗಳಲ್ಲಿ 2.7 ಪಟ್ಟು ಹೆಚ್ಚು ಬಾರಿ ಕಂಡವು. ಅಲ್ಲಿ ಒಂದು ತುಂಡು ಮಾಂಸಕ್ಕೂ ಮುದ್ರೆ ಇರಲಿಲ್ಲ. ಮುದ್ರೆ ಇದ್ದದ್ದು ಮರಕ್ಕೆ, ಆದರೆ ಹಳೆಯ ಲಾಗಿಂಗ್ ದಾರಿಗೆ ಗೇಟು ಬಿತ್ತು, ಕಳ್ಳಬೇಟೆಗೆ ಕಾವಲು ಬಿತ್ತು.

ಬ್ರೆಜಿಲ್‌ನ ಮಾಮಿರಾವಾ ಪ್ರದೇಶದ ಪಿರರುಕು ಮೀನಿನ ಕಥೆ ನನಗೆ ಇನ್ನೂ ಪ್ರಿಯ. ಮೂರು ಮೀಟರ್‌ವರೆಗೆ ಬೆಳೆಯುವ ಈ ಮೀನು ಗಾಳಿ ನುಂಗಲು ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ನೀರಿನ ಮೇಲೆ ಬರಲೇಬೇಕು. ನುರಿತ ಮೀನುಗಾರ ದೋಣಿಯಲ್ಲಿ ಉಸಿರು ಬಿಗಿಹಿಡಿದು ಕೂತು, ಮೇಲೆದ್ದ ಒಂದೊಂದನ್ನೂ ಎಣಿಸುತ್ತಾನೆ. ಒಂದೂವರೆ ಮೀಟರ್ ದಾಟಿದ್ದು ದೊಡ್ಡದು, ಉಳಿದದ್ದು ಮರಿ. ಎಣಿಕೆಯಲ್ಲಿ ಬಂದ ದೊಡ್ಡ ಮೀನುಗಳಲ್ಲಿ ಹೆಚ್ಚೆಂದರೆ ಶೇ. 30 ಹಿಡಿಯಬಹುದು, ಹಿಡಿದ ಪ್ರತಿಯೊಂದಕ್ಕೂ ಸಂಖ್ಯೆಯ ಬಿಲ್ಲೆ. 1999ರಲ್ಲಿ ಶುರುವಾದ ಈ ಪದ್ಧತಿಯಿಂದ ಬರಿದಾಗಿದ್ದ ಕೆರೆಗಳು ಮತ್ತೆ ತುಂಬಿವೆ. ಬಿಲ್ಲೆ ಇಲ್ಲಿ ಕೊನೆಗೆ ಬರುತ್ತದೆ. ಮೊದಲು ಬಂದದ್ದು ಕೆರೆ ಯಾರದ್ದು ಎಂಬ ತೀರ್ಮಾನ ಮತ್ತು ರಾತ್ರಿಯಿಡೀ ಕೆರೆ ಕಾಯುವ ಸರದಿ.

ಆದರೂ ಪೆಕರಿಯ ವಿಷಯದಲ್ಲಿ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಬಿಳಿತುಟಿ ಪೆಕರಿಯ ಹಿಂಡುಗಳು ಕೆಲವೊಮ್ಮೆ ದೊಡ್ಡ ಪ್ರದೇಶದಿಂದಲೇ ವರ್ಷಗಟ್ಟಲೆ ಕಾಣೆಯಾಗಿಬಿಡುತ್ತವೆ, ಬೇಟೆ ಕಡಿಮೆ ಇರುವ ಕಡೆಯೂ. ಆಮೇಲೆ ನಿಧಾನವಾಗಿ ಮರಳುತ್ತವೆ. ಇದರ ಮೇಲೆ ನೆರೆ ಬೇರೆ. ಲೊರೆಟೊದಲ್ಲೇ ಇರುವ ಪಕಾಯಾ-ಸಮಿರಿಯಾ ಮೀಸಲು ಪ್ರದೇಶದಲ್ಲಿ 2009ರ ನಂತರ ಒಂದರ ಮೇಲೊಂದು ಬಂದ ಭಾರಿ ನೆರೆಗಳಲ್ಲಿ ಕಾಲ ಕೆಳಗಿನ ಒಣನೆಲ ಮುಳುಗಿಹೋಯಿತು. ನೆಲದ ಮೇಲೆ ಬದುಕುವ ಪೆಕರಿ, ಜಿಂಕೆ, ದಂಶಕಗಳ ಸಂಖ್ಯೆ ಪಾತಾಳಕ್ಕೆ ಇಳಿಯಿತು. ಅಲ್ಲಿನ ಕುಕಾಮಾ ಜನ ಬೇಟೆ ಬಿಟ್ಟು ಮೀನಿನ ಕಡೆ ತಿರುಗಿದರು. ಯಾರೂ ಮಿತಿ ಮೀರಿರಲಿಲ್ಲವಾದರೂ ಪ್ರಾಣಿ ಹೋಯಿತು.

ಇಂಥ ವರ್ಷದಲ್ಲಿ ಪ್ರಮಾಣಪತ್ರ ಏನು ಮಾಡಬೇಕು? ಚರ್ಮಕ್ಕೆ ಇಷ್ಟು ಎಂದು ಹಣ ಕೊಡುವ ಪದ್ಧತಿಯಾದರೆ, ಹಿಂಡು ಬಾರದ ವರ್ಷ ಊರಿಗೆ ಬಿಡಿಗಾಸೂ ಇಲ್ಲ, ಉಳಿದ ನಾಲ್ಕನ್ನು ಹೊಡೆಯುವ ಒತ್ತಡ ಮಾತ್ರ ಹೆಚ್ಚು. ಬೆಲೆ ಏರಿದ ಚರ್ಮ ಆಗ ಪ್ರಾಣಿಗೇ ಮುಳುವಾಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟು: ಹೆಚ್ಚುವರಿ ಹಣ ಚರ್ಮದ ಲೆಕ್ಕದ ಮೇಲೆ ಬೇಟೆಗಾರನಿಗೆ ಹೋಗದೆ, ಊರು ಇಟ್ಟ ದಾಖಲೆಯ ಮೇಲೆ ಊರಿನ ನಿಧಿಗೆ ಹೋಗಲಿ. ಕಾವಲು ತಿರುಗಿದ ದಿನಗಳಿಗೆ ಹೋಗಲಿ, ತೆಗೆದಿಟ್ಟ ಬುರುಡೆಗಳಿಗೆ ಹೋಗಲಿ, ‘ಈ ವರ್ಷ ಹಿಂಡು ಕಂಡಿಲ್ಲ, ಒಂದೂ ಹೊಡೆದಿಲ್ಲ’ ಎಂದು ಬರೆದ ಪುಟಕ್ಕೂ ಹೋಗಲಿ. ಒಂದೂ ಚರ್ಮ ಬಾರದ ಆ ವರ್ಷಕ್ಕೆ ಹಣ ಕೊಡಲು ಕೈಗವಸಿನ ವ್ಯಾಪಾರಿ ಸಿದ್ಧನಿದ್ದಾನೆಯೇ ಎಂದು ನಾವು ಕೇಳಬೇಕಾಗಿದೆ.